ಇಟ್ಟಿಗೆಯಾದ ಐಫೋನುಗಳು

ಅಪ್‌ಡೇಟ್ ಹಾಕಿದ ಮೇಲೆ ಫೋನು ಕೆಟ್ಟಿತು ಅಂತ ಗೊಣಗೋದು ಈಗ ಮಾಮೂಲು. ಈ ಜಗಳದ ಹಳೇ ಅಧ್ಯಾಯವೊಂದು 2007ರದ್ದು.

ಆ ವರ್ಷ ಜೂನ್ 29ಕ್ಕೆ ಅಮೆರಿಕದಲ್ಲಿ ಐಫೋನ್ ಮಾರಾಟಕ್ಕೆ ಬಂತು. 8 ಜಿಬಿಯದಕ್ಕೆ 599 ಡಾಲರ್. ಜತೆಗೆ ಏಟಿ ಅಂಡ್ ಟಿಯ ಎರಡು ವರ್ಷದ ಕರಾರು, ಬೇರೆ ಸಿಮ್ ಹಾಕುವಂತಿಲ್ಲ. ಸೆಪ್ಟೆಂಬರ್ 5ಕ್ಕೆ ನೋಡಿ, ಬೆಲೆ ಏಕಾಏಕಿ 399! ಸಾಲಲ್ಲಿ ನಿಂತು ಕೊಂಡವರು ಕೆಂಡವಾದರು. ಮರುದಿನವೇ ಸ್ಟೀವ್ ಜಾಬ್ಸ್ ಪತ್ರ ಬರೆದು ಕ್ಷಮೆ ಕೇಳಿ 100 ಡಾಲರ್ ಕೊಡ್ತೀವಿ ಅಂದರು. ನಗದಲ್ಲ, ಆಪಲ್ ಅಂಗಡಿಯಲ್ಲೇ ಖರ್ಚು ಮಾಡಬೇಕು. (ವ್ಯಾಪಾರ ಅಂದ್ರೆ ಇದಪ್ಪಾ!)

ಅಷ್ಟರಲ್ಲಿ, ಆಗಸ್ಟಿನಲ್ಲೇ, ಜಾರ್ಜ್ ಹಾಟ್ಜ್ ಎಂಬ 17ರ ಹುಡುಗ ಆ ಬೀಗ ಬಿಚ್ಚಿ ಬೇರೆ ಕಂಪನಿಯ ಸಿಮ್ ಓಡಿಸಿ ತೋರಿಸಿದ್ದ. ಬಹಳ ಜನ ಅನ್‌ಲಾಕ್ ಮಾಡಿಕೊಂಡರು. ಸೆಪ್ಟೆಂಬರ್ 24ರಂದು ಆಪಲ್ ಎಚ್ಚರಿಸಿತು, ಮುಂದಿನ ಅಪ್‌ಡೇಟ್ ಹಾಕಿದರೆ ಅಂಥ ಫೋನು ಶಾಶ್ವತವಾಗಿ ಕೆಡಬಹುದು, ವಾರಂಟಿ ಇಲ್ಲ ಅಂತ. 27ಕ್ಕೆ 1.1.1 ಬಂತು. ಎಷ್ಟೋ ಫೋನುಗಳು ಇಟ್ಟಿಗೆಯಾದವು. ಹೊರಗಿನವರ ತಂತ್ರಾಂಶ ಹಾಕಿಕೊಂಡಿದ್ದವರಿಗೆ ಅದೆಲ್ಲ ಅಳಿಸಿಹೋಯಿತು.

ಎಚ್ಚರಿಕೆ ಕೊಟ್ಟಿದ್ದರು, ನಿಜ. ಆದರೆ ದುಡ್ಡು ಕೊಟ್ಟು ಕೊಂಡ ಫೋನಿಗೆ ಯಜಮಾನ ಯಾರು ಸ್ವಾಮಿ? ಅಕ್ಟೋಬರಿನಲ್ಲಿ ಕೆಲವರು ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೂ ಹೋದರು. ಅದೇ ತಿಂಗಳ 17ಕ್ಕೆ ಜಾಬ್ಸ್, ಹೊರಗಿನವರಿಗೂ ತಂತ್ರಾಂಶ ಬರೆಯಲು ಬಿಡ್ತೀವಿ ಅಂದರು. ಆಪ್ ಸ್ಟೋರ್ ತೆರೆದದ್ದು 2008ರ ಜುಲೈಯಲ್ಲಿ. ಅಲ್ಲೂ ಯಾವ ಆಪ್ ಇರಬೇಕು, ಯಾವುದು ಬೇಡ ಅನ್ನೋದು ಆಪಲ್ಲೇ ಹೇಳಬೇಕು!

ಫೋನಿನ ಕಟ್ಟು ಬಿಚ್ಚುವುದು ಕಾಪಿರೈಟ್ ಕಾನೂನಿನ ಉಲ್ಲಂಘನೆಯಲ್ಲ ಅಂತ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹೇಳಿದ್ದು 2010ರ ಜುಲೈಯಲ್ಲಿ. ಆಗಲೂ ಆಪಲ್ ವಾರಂಟಿ ವಿಷಯದಲ್ಲಿ ಜಗ್ಗಲಿಲ್ಲ.