ಪಠ್ಯದ ನಕ್ಷೆ, ನೆಲದ ನಕ್ಷೆ: ಇಡಗುಂಜಿ ಸೀಮೆಯ ಸಾಕ್ಷ್ಯ

ಕಲ್ಪಿತ ಲೋಕದ ಕಾದಂಬರಿಗಳಲ್ಲಿ ನಕ್ಷೆ ಬಂದ ಬಗೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ. ಮಸಿಯ ಗೆರೆಯನ್ನು ಪಠ್ಯದ ಕಾಗದದ ಮೇಲೇ ಅಚ್ಚು ಹಾಕಬಹುದು. ಆದ್ದರಿಂದ ಗುಡ್ಡಕ್ಕೆ ಗೀಟು, ಮರಳಿಗೆ ಚುಕ್ಕಿ, ಕಡಲಂಚಿಗೆ ಸಾಲುಗೆರೆ ಎಂಬ ಕಪ್ಪು-ಬಿಳುಪಿನ ಭಾಷೆ ರೂಢಿಯಾಯಿತು. (1954ರಲ್ಲಿ ಟೋಲ್ಕಿನ್ನರ ಕೃತಿಗೆ ಮಗ ಕ್ರಿಸ್ಟೋಫರ್ ಬರೆದ ನಕ್ಷೆಯಲ್ಲಿ ಕೆಂಪೂ ಇತ್ತು, ಅಗ್ಗದ ಮುದ್ರಣಗಳಲ್ಲಿ ಅದು ಬಿಟ್ಟುಹೋಯಿತು.) ನಕ್ಷೆ ಕಥೆಯಿಂದ ಹುಟ್ಟಬೇಕೋ, ಕಥೆಗಿಂತ ಮೊದಲೇ ಇರಬೇಕೋ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ.

ಆರ್.ಕೆ. ನಾರಾಯಣರ ಕೃತಿಗಳಲ್ಲಿ ಚದುರಿದ ಉಲ್ಲೇಖಗಳನ್ನು ಕೂಡಿಸಿ ಜೇಮ್ಸ್ ಫೆನೆಲಿ ಮಾಲ್ಗುಡಿಯ ನಕ್ಷೆ ಬರೆದರು. ಆ ಊರಿನ ವಿನ್ಯಾಸದಲ್ಲಿ ಹಿಂದೂ ವಿಶ್ವಕ್ರಮವನ್ನೇ ಕಂಡರು. ಬೇಕಾದುದೆಲ್ಲ ಪಠ್ಯದಲ್ಲೇ ಇದೆ, ನಕ್ಷೆಗಾರ ಹೆಕ್ಕಿದರೆ ಸಾಕು ಎಂಬ ನಂಬಿಕೆ ಈ ವಿಧಾನದ ಬುನಾದಿ. ಅದನ್ನು ನಾನು ಒಪ್ಪಲಾರೆ.

ಸ್ಟೀವನ್‌ಸನ್ನನ ಅನುಭವ ಇದಕ್ಕೆ ವಿರುದ್ಧವಾದುದು. 1881ರಲ್ಲಿ ಅವನು ಮೊದಲು ದ್ವೀಪದ ನಕ್ಷೆ ಬರೆದ, ಆ ನಕ್ಷೆಯಿಂದ 'ಟ್ರೆಷರ್ ಐಲ್ಯಾಂಡ್' ಹುಟ್ಟಿತು. ಪ್ರಕಾಶಕರಿಗೆ ಕಳಿಸಿದ ಮೂಲನಕ್ಷೆ ಕಳೆದುಹೋದಾಗ ತನ್ನದೇ ಪುಸ್ತಕವನ್ನು ಸೋಸಿ, ಉಲ್ಲೇಖಗಳ ಪಟ್ಟಿ ಮಾಡಿ ಇನ್ನೊಂದನ್ನು ಸಿದ್ಧಪಡಿಸಬೇಕಾಯಿತು. ಎಲ್ಲ ತಾಳೆಯಾದರೂ ಅದು ತನ್ನ ದ್ವೀಪವೆಂದು ಅವನಿಗೆ ಅನ್ನಿಸಲೇ ಇಲ್ಲ. ಫೆನೆಲಿಯ ವಿಧಾನವನ್ನು ಸ್ವತಃ ಲೇಖಕನೇ ಅನುಸರಿಸಿ ಅತೃಪ್ತನಾದ ಪ್ರಸಂಗವಿದು.

ಆ ಅತೃಪ್ತಿಗೆ ಕಾರಣವೇನಿರಬಹುದು? ಗೋಕರ್ಣದ ದಕ್ಷಿಣಕ್ಕಿರುವ ಗಣಪತಿ ಕ್ಷೇತ್ರ ಇಡಗುಂಜಿಯ ಸುತ್ತಲಿನ ನೆಲ ಒಂದು ಉತ್ತರ ಕೊಡುತ್ತದೆ. ಗೋಕರ್ಣದಲ್ಲಿ ನೆಲಕಚ್ಚಿದ ಆತ್ಮಲಿಂಗವನ್ನು ಕೀಳಲಾರದೆ ರಾವಣ ಅದರ ಸಂಪುಟ, ಮುಚ್ಚಳ, ದಾರ, ವಸ್ತ್ರಗಳನ್ನು ಎಸೆದನೆಂದೂ ಅವು ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರುಡೇಶ್ವರಗಳಲ್ಲಿ ಬಿದ್ದವೆಂದೂ ಕಥೆ. ಬರೀ ಕಥೆ ಓದಿ ನಕ್ಷೆ ಬರೆಯುವವನು ಗೋಕರ್ಣವನ್ನು ನಡುವಿಗಿಟ್ಟು ನಾಲ್ಕು ದಿಕ್ಕಿಗೆ ನಾಲ್ಕು ಕ್ಷೇತ್ರಗಳನ್ನು ಹಂಚುವುದು ಸಹಜ. ವಿಶ್ವಕ್ರಮವೂ ತಾನಾಗಿ ಕಾಣಿಸಿಕೊಳ್ಳುತ್ತದೆ! ಆದರೆ ನೆಲದ ಮೇಲೆ ಪಡುವಣಕ್ಕೆ ಕಡಲು. ಸಜ್ಜೇಶ್ವರ ಉತ್ತರದಲ್ಲಿ ಕಾರವಾರದ ಕಡೆಗೆ. ಉಳಿದ ಮೂರೂ ದಕ್ಷಿಣಕ್ಕೆ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ಎಂಬ ಕ್ರಮದಲ್ಲಿ ಒಂದೇ ಪಟ್ಟಿಯಾಗಿವೆ. ಗೋಕರ್ಣಕ್ಕೂ ಧಾರೇಶ್ವರಕ್ಕೂ ನಡುವೆ ಅಘನಾಶಿನಿ, ಧಾರೇಶ್ವರಕ್ಕೂ ಗುಣವಂತೆಗೂ ನಡುವೆ ಶರಾವತಿ. ಎಸೆದ ವಸ್ತುವಿಗೆ ಹೊಳೆ ದಾಟುವ ತಾಪತ್ರಯವಿಲ್ಲ. ಕಥೆಗೆ ಅವುಗಳ ಗೊಡವೆಯೂ ಇಲ್ಲ.

ಗುಣವಂತೆಯಿಂದ ಮುರುಡೇಶ್ವರಕ್ಕೆ ಹೋಗುವಾಗ ಒಳಮಗ್ಗುಲಿಗೆ ಸಿಗುವ ಇಡಗುಂಜಿ ಈ ಕಥೆಯ ಯಾವ ತುಣುಕನ್ನೂ ಪಡೆದಿಲ್ಲ. ಅದರ ಸ್ಥಳಪುರಾಣವೇ ಬೇರೆ: ಶರಾವತಿಯ ಎಡದಂಡೆಯ ಕುಂಜವನ, ವಾಲಖಿಲ್ಯ ಮುನಿಗಳ ಯಜ್ಞಕ್ಕೆ ವಿಘ್ನ, ನಾರದರ ಸಲಹೆ, ಗಣಪತಿಯ ಆಗಮನ. ಇಲ್ಲಿ ಹೊಳೆಯಿಲ್ಲದೆ ಕಥೆಗೆ ನೆಲೆಯೇ ಇಲ್ಲ. ಒಂದು ಕಥೆ ಕಡೆಗಣಿಸಿದ ಹೊಳೆಯೇ ಪಕ್ಕದ ಕಥೆಗೆ ಆಧಾರವಾಗಿದೆ.

ಪಠ್ಯದಿಂದ ಹೆಕ್ಕಿದ ನಕ್ಷೆ ಹೇಳಿ ಮುಗಿದ ಕಥೆಯನ್ನಷ್ಟೇ ಬಲ್ಲದು, ಇನ್ನೂ ಹೇಳದ ಕಥೆಗೆ ಅದರಲ್ಲಿ ಜಾಗವಿರುವುದಿಲ್ಲ ಎಂಬುದು ನನ್ನ ವಾದ. ಇದಕ್ಕೆ ಮಿತಿಗಳುಂಟು. ಸ್ಟೀವನ್‌ಸನ್ನನದು ಒಬ್ಬನ ಸಾಕ್ಷ್ಯ. ಫಾಕ್ನರ್ ತನ್ನ ಕಲ್ಪಿತ ಕೌಂಟಿಯ ಬಗ್ಗೆ ಹಲವು ಕಾದಂಬರಿ ಬರೆದ ಮೇಲೆಯೇ, 1936ರಲ್ಲಿ, ಅದರ ನಕ್ಷೆ ಪ್ರಕಟಿಸಿದ. ಆಮೇಲೂ ಅಲ್ಲಿನ ಕಥೆಗಳು ನಿಲ್ಲಲಿಲ್ಲ. ಕ್ಷೇತ್ರಪುರಾಣ ಕಾದಂಬರಿಯೂ ಅಲ್ಲ, ನಂಬುವವರಿಗೆ ಅದು ಕಲ್ಪನೆಯೂ ಅಲ್ಲ. ಫೆನೆಲಿಯ ನಕ್ಷೆಯನ್ನು ಓದುಗರಿಗೊಂದು ಕೈಪಿಡಿಯೆಂದಷ್ಟೇ ಎಣಿಸಿದರೆ ನನ್ನ ಆಕ್ಷೇಪದ ಬಹುಪಾಲು ಬಿದ್ದುಹೋಗುತ್ತದೆ. ಉಳಿಯುವುದು ಅದರಿಂದ ವಿಶ್ವಕ್ರಮವನ್ನು ಹೊರಡಿಸಿದ್ದರ ಬಗೆಗಿನ ಆಕ್ಷೇಪ ಮಾತ್ರ.

ಕುಂಜವನದ ಎಲ್ಲೆಯನ್ನು ಕಪ್ಪು-ಬಿಳುಪಿನಲ್ಲಿ ಹೇಗೆ ಬರೆಯಬೇಕೆಂಬುದು ಇನ್ನೂ ಬಗೆಹರಿದಿಲ್ಲ. ಬಣ್ಣವಿದ್ದರೆ ಹಸಿರನ್ನು ತೆಳುವಾಗಿಸುತ್ತ ಹೋಗಬಹುದು, ಗೆರೆಯಾದರೆ ಎಲ್ಲೋ ನಿಲ್ಲಲೇಬೇಕು. 1934ರಿಂದ ಇಡಗುಂಜಿ ಮೇಳವಿರುವ ಈ ಸೀಮೆಯಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಯಕ್ಷಗಾನದ ವೇಷಧಾರಿ ರಂಗಸ್ಥಳದಲ್ಲಿ ಒಂದು ಸುತ್ತು ಹಾಕಿದರೆ ಪಯಣ ಮುಗಿದಂತೆ. ದೂರವನ್ನು ಹಾಗೆ ಗ್ರಹಿಸಿದ ಪ್ರೇಕ್ಷಕನಿಗೆ ಕಾಗದದ ನಕ್ಷೆ ಎಷ್ಟರಮಟ್ಟಿಗೆ ಬೇಕು ಎಂಬುದನ್ನು ಪ್ರಸಂಗಗಳ ಸ್ಥಳನಿರೂಪಣೆಯ ಅಧ್ಯಯನದಿಂದ ತಿಳಿಯಬೇಕಿದೆ.