ಗೀಚು, ಗೋಡೆಬರಹ, ಶಾಸನ

ಕನ್ನಡದಲ್ಲಿ ‘ಗೀಚು’ ಎಂದ ಕೂಡಲೇ ತೀರ್ಪೂ ಬಂದುಬಿಡುತ್ತದೆ. ಅಂದವಿಲ್ಲದ್ದನ್ನು, ಬೇಡದ ಕಡೆ ಬರೆದದ್ದನ್ನು ಜನ ಹಾಗೆನ್ನುತ್ತಾರೆ. ‘ಗೋಡೆಬರಹ’ಕ್ಕೆ ಆ ಕಹಿಯಿಲ್ಲ, ಚುನಾವಣೆಯ ಘೋಷಣೆ, ಸಿಮೆಂಟಿನ ಜಾಹೀರಾತು, ಪೋಲಿಯೊ ಹನಿಯ ಪ್ರಚಾರ ಎಲ್ಲವೂ ಅದರೊಳಗೆ ಸೇರುತ್ತವೆ. ಈಗ ಪತ್ರಿಕೆಗಳಲ್ಲಿ ಓಡಾಡುವ ‘ಗ್ರಾಫಿಟಿ’ ಇಟಲಿಯ ಮಾತು. ಅದರ ಮೂಲದಲ್ಲಿರುವುದೂ ಕೆರೆಯುವ ಕೆಲಸವೇ.

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತಾದಲ್ಲಿ ಗೀಚುವಿಕೆಯ ಹೆಸರಾಂತ ಉದಾಹರಣೆಯಿದೆ. 1819ರ ಏಪ್ರಿಲ್‌ನಲ್ಲಿ ಹುಲಿ ಬೇಟೆಗೆ ಬಂದ ಮದ್ರಾಸ್ ಸೇನೆಯ ಅಧಿಕಾರಿ ಜಾನ್ ಸ್ಮಿತ್ 10ನೇ ಗುಹೆಯ ಕಂಬದಲ್ಲಿದ್ದ ವರ್ಣಚಿತ್ರದ ಮೇಲೆಯೇ ತನ್ನ ಹೆಸರು, ತಾರೀಖು ಕೊರೆದ. ಇಂದು ನಿಂತು ನೋಡುವವರಿಗೆ ಆ ಅಕ್ಷರಗಳು ತಲೆಗಿಂತ ಮೇಲಿವೆ. ಆಗ ಗುಹೆಯ ನೆಲ ಮಣ್ಣು, ಕಲ್ಲುಚೂರುಗಳಿಂದ ತುಂಬಿತ್ತು. ಅವನು ನಿಂತದ್ದು ಆ ರಾಶಿಯ ಮೇಲೆ. ಅಜಂತಾದ ಬಣ್ಣ ಕೂತಿರುವುದು ಮಣ್ಣಿನ ಗಾರೆಯ ಮೇಲೆ. ಒಮ್ಮೆ ಕೆರೆದರೆ ಹೋದದ್ದು ಹೋಯಿತು.

ನಾಸಿಕದ ಪಾಂಡವಲೇಣಿ ಗುಹೆಗಳ ಗೋಡೆಗಳಲ್ಲೂ ಬರಹವಿದೆ, ಆದರೆ ಅದರ ಗತ್ತೇ ಬೇರೆ. ದೊರೆ ನಹಪಾನನ ಅಳಿಯ ಉಷವದಾತ ಅಲ್ಲಿನ ಭಿಕ್ಷುಗಳಿಗಾಗಿ ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ, ಅಂದರೆ ವೃತ್ತಿಸಂಘಗಳಲ್ಲಿ, 3000 ಕಾರ್ಷಾಪಣ ನಾಣ್ಯಗಳ ಇಡಗಂಟು ಇಟ್ಟ. ಅದರಲ್ಲಿ 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಮಳೆಗಾಲ ಕಳೆಯುವ 20 ಭಿಕ್ಷುಗಳ ಬಟ್ಟೆಗೆ ವರ್ಷಕ್ಕೆ ತಲಾ 12. ಲೆಕ್ಕ ಚೊಕ್ಕವಾಗಿ ಕೂಡುತ್ತದೆ. ಹಣ ಪಡೆದವರು ಮಾತು ತಪ್ಪದಿರಲೆಂದೇ ಅದು ಎಲ್ಲರ ಕಣ್ಣೆದುರು ಕಲ್ಲಿಗೇರಿತು. ಇದಕ್ಕೆ ಒಪ್ಪುವ ಮಾತು ‘ಶಾಸನ’.

ಹಾಗಾದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲಿರುವ ‘ಶ್ರೀ ಕವಿರತ್ನ’ ಏನು? ಅಲ್ಲಿ ದಾನವಿಲ್ಲ, ಅಪ್ಪಣೆಯಿಲ್ಲ, ಬರೀ ಹೆಸರು. 10ನೇ ಶತಮಾನದ ಕವಿ ರನ್ನನೇ ಕೆತ್ತಿದ್ದೆಂದು ವಿದ್ವಾಂಸರು ನಂಬುತ್ತಾರೆ, ಕನ್ನಡಿಗರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ದೊಡ್ಡವರ ಕೈಬರಹವೆಂಬ ಅಭಿಮಾನ ಇದಕ್ಕೆ ಕಾರಣ, ನಿಜ. ಆದರೆ ರನ್ನನಿಗೂ ಸ್ಮಿತ್‌ಗೂ ಇರುವ ಮುಖ್ಯ ಅಂತರ ಅಕ್ಷರದ ಅಡಿಯಲ್ಲಿದೆ: ಒಬ್ಬನ ಹೆಸರಿನ ಕೆಳಗಿದ್ದದ್ದು ಬೋಳು ಬಂಡೆ, ಇನ್ನೊಬ್ಬನದರ ಕೆಳಗೆ ಮತ್ತೊಬ್ಬರ ಚಿತ್ರ.

ಇಂದು ಸಂರಕ್ಷಿತ ಸ್ಮಾರಕದಲ್ಲಿ ಬೋಳು ಬಂಡೆಯೆಂಬ ವಿನಾಯಿತಿ ಯಾರಿಗೂ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಅಂಥ ಸ್ಮಾರಕವನ್ನು ಹಾಳುಗೆಡವಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ಬಸ್ಸು ಇಳಿಯುವ ಮೊದಲೇ ಇದನ್ನು ಹೇಳಲಿ.