ದೆಹಲಿ – ಕಠ್ಮಂಡು: ವಿಮಾನ ಮಾರ್ಗದ ದೂರ ಮತ್ತು ಪ್ರಯಾಣದ ಅವಧಿ

ಭಾರತದ ರಾಜಧಾನಿ ದೆಹಲಿ ಹಾಗೂ ನೇಪಾಳದ ರಾಜಧಾನಿ ಕಠ್ಮಂಡುವಿನ ನಡುವಣ ನೇರ ವೈಮಾನಿಕ ದೂರವು ಸುಮಾರು 815 ಕಿ.ಮೀ. ಆಗಿರುತ್ತದೆ. ತಡೆರಹಿತ ವಿಮಾನದ ಪ್ರಯಾಣಾವಧಿ ಸುಮಾರು 1 ಗಂಟೆ 40 ನಿಮಿಷಗಳು.

ಕಾಲಮಾನ: ನೇಪಾಳದ ಸಮಯವು ಭಾರತೀಯ ಕಾಲಮಾನಕ್ಕಿಂತ 15 ನಿಮಿಷ ಮುಂದಿರುತ್ತದೆ. ಆದುದರಿಂದ ದೆಹಲಿಯಿಂದ ಬೆಳಿಗ್ಗೆ 10.00ಕ್ಕೆ ಹೊರಡುವ ವಿಮಾನವು ಸ್ಥಳೀಯ ಸಮಯ 11.55ರ ಸುಮಾರಿಗೆ ಕಠ್ಮಂಡು ತಲುಪುತ್ತದೆ. ಟಿಕೆಟಿನಲ್ಲಿ ಆಯಾ ಸ್ಥಳದ ಸಮಯವೇ ನಮೂದಾಗಿರುತ್ತದೆ. ಗಡಿಯಾರವನ್ನು ಸರಿಪಡಿಸಿಕೊಳ್ಳದ ಪ್ರಯಾಣಿಕರು ಹಿಂದಿರುಗುವಾಗ 15 ನಿಮಿಷ ತಡವಾಗಿ ನಿಲ್ದಾಣ ತಲುಪುವ ಸಂಭವವಿದೆ.

ವಿಳಂಬ: ತ್ರಿಭುವನ್ ವಿಮಾನ ನಿಲ್ದಾಣವು ಸುಮಾರು 1,338 ಮೀಟರ್ ಎತ್ತರದಲ್ಲಿ, ಬೆಟ್ಟಗಳಿಂದ ಸುತ್ತುವರಿದ ಕಣಿವೆಯಲ್ಲಿದೆ. ಚಳಿಗಾಲದಲ್ಲಿ ದಟ್ಟ ಮಂಜಿನಿಂದ ಎರಡೂ ನಗರಗಳಲ್ಲಿ ವಿಮಾನಗಳು ವಿಳಂಬವಾಗಬಹುದು. ದೆಹಲಿಯಲ್ಲಿ ಬೇರೆ ವಿಮಾನ ಹಿಡಿಯಬೇಕಾದವರು ಸಾಕಷ್ಟು ಕಾಲಾವಕಾಶ ಇರಿಸಿಕೊಳ್ಳುವುದು ಸೂಕ್ತ.

ದಾಖಲೆ: ಭಾರತೀಯ ನಾಗರಿಕರಿಗೆ ವೀಸಾ ಅಗತ್ಯವಿಲ್ಲ. ಆದರೆ ವಿಮಾನದಲ್ಲಿ ತೆರಳುವ ವಯಸ್ಕರು ಸಾಮಾನ್ಯವಾಗಿ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯನ್ನು ಹಾಜರುಪಡಿಸಬೇಕಾಗುತ್ತದೆ.